ಅನಧಿಕೃತ ಮೂಲ

ಆಕಾಶದಲ್ಲಿ ನನಗೊಬ್ಬ ಮುದುಕಿಯ ದನಿ ಕೇಳಿಸಿತು ಎಂದಾಗ ವಿಮಾನಯಾನ ಇಲಾಖೆಯ ಆ ವಿಚಾರಣೆ ಕೋಣೆಯಲ್ಲಿದ್ದವರೆಲ್ಲ ನಕ್ಕರು. ತುಟಿಯಂಚಿನ ನಗೆಯಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬರಂತೂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನನಗೆ ನಗು ಬರಲಿಲ್ಲ. ನನ್ನ ಲೈಸೆನ್ಸು ಅವರ ಮೇಜಿನ ಮೇಲಿತ್ತು, ಅದರ ಮೇಲೆ ಯಾರೋ ಟೀ ಲೋಟ ಇಟ್ಟಿದ್ದರು.

“ಏನಂದ್ಲು ಆ ಮುದುಕಿ?” ನಡುವೆ ಕೂತಿದ್ದ ದೊಡ್ಡ ಅಧಿಕಾರಿ ಕೇಳಿದರು.

“ಇನ್ನೊಂದು ಬಂತು ಅಂದ್ರು ಸಾರ್. ತಲೆ ಮೇಲೆ ಫ್ಯಾನ್ ಇರೋದು ಬಂತು ಅಂದ್ರು. ಹೆಲಿಕಾಪ್ಟರು.”

“ಕಂಟ್ರೋಲ್ ಫ್ರೀಕ್ವೆನ್ಸೀಲಿ?”

“ಹೌದು ಸಾರ್.”

“ಕನ್ನಡದಲ್ಲಿ?”

“ಹೌದು ಸಾರ್.”

ಮತ್ತೊಂದು ಸುತ್ತು ನಗು. ನಗೆಗೆ ಸಂಬಳ ಕೊಡುವ ಇಲಾಖೆ ಇದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ನನ್ನ ಹೆಸರು ಮುನಿಕೃಷ್ಣ, ಊರು ಬೊಮ್ಮನಹಳ್ಳಿ. ನಮ್ಮಪ್ಪ ಗಾರ್ಮೆಂಟ್ ಕಾರ್ಖಾನೆಯವರಿಗೆ ಹೊಲ ಕೊಟ್ಟು, ಬಂದದ್ದನ್ನೆಲ್ಲ ಮಗನ ಪೈಲಟ್ ಓದಿಗೆ ಸುರಿದರು. ನನ್ನ ಓದು ಮುಗಿಯುವ ಹೊತ್ತಿಗೆ ವಿಮಾನ ಕಂಪನಿಗಳು ಇದ್ದವರನ್ನೇ ಮನೆಗೆ ಕಳಿಸುತ್ತಿದ್ದವು. ಹೊಸೂರು ರಸ್ತೆಯ ಮೇಲೆ ಎಲಿವೇಟೆಡ್ ರಸ್ತೆ ಕಟ್ಟುತ್ತಿದ್ದ ಕಾಲ. ಅತ್ತಿಬೆಲೆಯ ಆಚೆ ಒಂದು ಖಾಸಗಿ ರನ್‌ವೇ ಹಿಡಿದು ಶೋಭಾರಾಣಿ ಎಂಬವರು ಸ್ಕೈಡೈವಿಂಗ್ ಕ್ಲಬ್ಬು ತೆರೆದಿದ್ದರು. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳವರು ಶನಿವಾರ ಬಂದು, ಪ್ಯಾರಾಚೂಟು ಕಟ್ಟಿಕೊಂಡು ವಿಮಾನದಿಂದ ಜಿಗಿದು, ಸೋಮವಾರ ಆಫೀಸಿನಲ್ಲಿ ಫೋಟೋ ತೋರಿಸುತ್ತಿದ್ದರು. ಅವರನ್ನು ಮೇಲೆ ಹೊತ್ತೊಯ್ಯುವ ಚಿಕ್ಕ ವಿಮಾನಕ್ಕೆ ನಾನು ಪೈಲಟ್ಟು. ಎಂದಾದರೂ ದೊಡ್ಡ ಕಂಪನಿಯ ಕೆಲಸ ಸಿಕ್ಕೀತು ಎಂದು ಕಾಯುತ್ತಾ ಇದನ್ನು ಮಾಡುತ್ತಿದ್ದೆ. ಲೈಸೆನ್ಸಿಗೆ ಒಂದು ಕಪ್ಪು ಚುಕ್ಕೆ ಬಿದ್ದರೆ ಆ ಕಾಯುವಿಕೆಯೂ ಮುಗಿದಂತೆ.

ಈ ಕೆಲಸದಲ್ಲಿ ಒಂದು ಕಷ್ಟವಿದೆ. ಮೇಲಿರುವ ಪೈಲಟ್ಟಿಗೆ ನೇರ ಕೆಳಗೆ ಏನಿದೆ ಎಂದು ಕಾಣುವುದಿಲ್ಲ, ವಿಮಾನದ ಹೊಟ್ಟೆ ಅಡ್ಡ. ಆದ್ದರಿಂದ ಜನರನ್ನು ಬಿಡುವ ಮುಂಚೆ ಕಂಟ್ರೋಲಿನವರನ್ನು, ಎಂದರೆ ಆಕಾಶದ ಸಂಚಾರ ನೋಡಿಕೊಳ್ಳುವವರನ್ನು, ರೇಡಿಯೋದಲ್ಲಿ ಕೇಳಬೇಕು. ಅವರು ಬಿಡಬಹುದು ಎಂದರೆ ಬಿಡಬೇಕು, ತಡೆ ಎಂದರೆ ತಡೆಯಬೇಕು. ಪ್ಯಾರಾಚೂಟಿನಲ್ಲಿ ನೇತಾಡುವವರ ಜೀವ ಆ ಒಂದು ಮಾತಿನ ಮೇಲಿರುತ್ತದೆ. ಆ ಮಾತೇ ಕಿವಿಗೆ ಬೀಳದಿದ್ದರೆ?

ದೀಪಾವಳಿ ಕಳೆದ ಮೇಲೆ ನನಗೆ ಅದೇ ಆಗತೊಡಗಿತ್ತು. ಮೇಲೇರಿ ಕಂಟ್ರೋಲಿನವರ ಜೊತೆ ಮಾತಾಡುವಾಗ ನಡುವೆ ಗರಗರ ಸದ್ದು, ಅದರೊಳಗಿಂದ ಒಬ್ಬ ಹೆಂಗಸಿನ ದನಿ. “ಬಂತು ನೋಡಿ... ಕೇಳುಸ್ತಾ?... ಕೇಳುಸಿದ್ರೆ ಕೆಮ್ಮಿ.” ಆಮೇಲೊಂದು ಕೆಮ್ಮು. ಗಂಟಲು ಹರಿದುಕೊಂಡು ಬರುವ ಗಂಡಸಿನ ಕೆಮ್ಮು. ಎಂಜಿನ್ನಿನ ಗಲಾಟೆಯಲ್ಲಿ ಉಳಿದದ್ದು ಕಿವಿಗೆ ಹತ್ತುತ್ತಿರಲಿಲ್ಲ. ಕಂಟ್ರೋಲಿನವರು ಹೇಳಿದ್ದನ್ನು ನಾನು ಮತ್ತೆ ಮತ್ತೆ ಕೇಳಬೇಕಾಗುತ್ತಿತ್ತು. ಅವರು ಅದಕ್ಕೂ ರೇಗುತ್ತಿದ್ದರು.

ಸುಮ್ಮನಿರಲಿಲ್ಲ ನಾನು. ದೂರು ಬರೆದೆ. ಉತ್ತರ ಬರಲಿಲ್ಲ, ಮತ್ತೆ ಬರೆದೆ. ಕೊನೆಗೆ ಯಾರೋ ಪುಣ್ಯಾತ್ಮರು ಫೋನು ಮಾಡಿ, “ಇಲ್ಲಿ ಫ್ರೀಕ್ವೆನ್ಸಿ ಕ್ಲಿಯರ್ ಇದೆ ಕಣ್ರೀ. ಬೇರೆ ಯಾವ ಪೈಲಟ್ಟೂ ಕಂಪ್ಲೇಂಟ್ ಕೊಟ್ಟಿಲ್ಲ. ನೀವು ಹಾರಿದಾಗ ಮಾತ್ರ ಯಾಕೆ ಕೇಳಿಸುತ್ತೆ? ನಿಮ್ಮ ಹೆಡ್‌ಸೆಟ್ ತೋರ್ಸಿ, ಆಗದಿದ್ರೆ ಕಿವಿ ತೋರ್ಸಿ” ಎಂದರು. ಹೆಡ್‌ಸೆಟ್ಟು ಬದಲಾಯಿಸಿದೆ. ಕ್ಲಬ್ಬಿನ ಮೆಕ್ಯಾನಿಕ್ಕು ರೇಡಿಯೋ ಬಿಚ್ಚಿ ನೋಡಿ, ಸರಿಯಾಗಿದೆ ಎಂದ. ನಾಚಿಕೆ ಬಿಟ್ಟು ಕಿವಿಯನ್ನೂ ತೋರಿಸಿದೆ. ಡಾಕ್ಟರು ಕಿವಿ ಚೆನ್ನಾಗಿದೆ ಎಂದರು.

ಸಂಕ್ರಾಂತಿ ಮುಗಿದ ಮೇಲಿನ ಶನಿವಾರ ಆದದ್ದು ಇದು.

ಜಿಗಿಯುವ ಎತ್ತರಕ್ಕೆ ಏರಿದ್ದೆ. ಕಂಟ್ರೋಲಿನವರು ಬಿಡಬಹುದು ಎಂದರು, ಅದು ಸರಿಯಾಗಿಯೇ ಕೇಳಿಸಿತು. ತೆರೆದ ಬಾಗಿಲ ಬಳಿ ಹನುಮೇಶ ಕೂತಿದ್ದ. ಕೊಪ್ಪಳದ ಕಡೆಯವನು, ಸೈನ್ಯದ ಪ್ಯಾರಾಚೂಟು ದಳದಲ್ಲಿದ್ದು ಬಂದವನು, ಕ್ಲಬ್ಬಿನಲ್ಲಿ ಜಿಗಿತ ಕಲಿಸುವವನು. ಅವನ ಎದೆಗೆ ಯಾವುದೋ ಕಂಪನಿಯ ಹುಡುಗಿಯೊಬ್ಬಳನ್ನು ಪಟ್ಟಿಗಳಿಂದ ಬಿಗಿದಿತ್ತು. ಅವಳಿಗೆ ಅದು ಮೊದಲ ಜಿಗಿತ. ನಾನು ಕೈ ಎತ್ತಿದೆ. ಮೊದಲು ಪಳಗಿದವರಿಬ್ಬರು ಹೋದರು. ಹನುಮೇಶ ಹುಡುಗಿಯೊಡನೆ ಬಾಗಿಲ ಅಂಚಿಗೆ ಸರಿದು ಕಾಲು ಹೊರಗೆ ಇಳಿಬಿಟ್ಟ.

ಅಷ್ಟರಲ್ಲಿ ಹೆಡ್‌ಸೆಟ್ಟಿನಲ್ಲಿ ಗರಗರ ಎದ್ದಿತು. ಅದರ ಹಿಂದೆಯೇ ಆ ದನಿ, ಎಂದೂ ಇಲ್ಲದಷ್ಟು ಸ್ಪಷ್ಟವಾಗಿ. “ಅಯ್ಯಯ್ಯೋ, ಇನ್ನೊಂದು ಬಂತು ಕಣ್ರೀ! ತಲೆ ಮೇಲೆ ಫ್ಯಾನ್ ಇರೋದು! ಕೆಳಗಡೆಯಿಂದ ಬತ್ತಾ ಅದೆ, ಛತ್ರಿಯೋರು ಅದರ ಮೇಲೇ ಬೀಳ್ತಾರಲ್ಲಪ್ಪಾ!”

ಯಾರ ದನಿ, ಎಲ್ಲಿಯ ದನಿ ಎಂದು ಯೋಚಿಸುವ ಹೊತ್ತಲ್ಲ ಅದು. ನಾನು ತಿರುಗಿ ಅಂಗೈ ತೋರಿಸಿ ಕಿರುಚಿದೆ. ಹನುಮೇಶ ಬಾಗಿಲ ಚೌಕಟ್ಟು ಹಿಡಿದು ಹಿಂದಕ್ಕೆ ಒರಗಿದ. ವಿಮಾನ ಬಾಗಿಸಿ ನೋಡಿದೆ. ಒಂದು ಹೆಲಿಕಾಪ್ಟರು ಕಾರ್ಖಾನೆಗಳ ಮೇಲಿಂದ ಬಂದು, ಮೊದಲು ಹೋದವರ ಪ್ಯಾರಾಚೂಟುಗಳ ನಡುವೆ ನುಗ್ಗಿ, ಹೊಸೂರಿನ ಕಡೆಗೆ ಹೊರಟುಹೋಯಿತು. ಯಾರೋ ದೊಡ್ಡವರು ಯಾವುದೋ ಕಾರ್ಖಾನೆಯ ಉದ್ಘಾಟನೆಗೆ ಹೊರಟಿದ್ದರಂತೆ. ಅದರ ಗಾಳಿಗೆ ಒಂದು ಪ್ಯಾರಾಚೂಟು ಮಡಚಿ ಮತ್ತೆ ಬಿಚ್ಚಿಕೊಂಡಿತು. ಇಬ್ಬರೂ ಬದುಕಿ ನೆಲ ಮುಟ್ಟಿದ್ದು ಅವರ ಅದೃಷ್ಟ. ಹುಡುಗಿಯನ್ನೂ ಬಿಟ್ಟಿದ್ದರೆ ಅವಳೂ ಹನುಮೇಶನೂ ನೇರ ಅದರ ರೆಕ್ಕೆಗೇ ಬೀಳುತ್ತಿದ್ದರು.

ಹೆಲಿಕಾಪ್ಟರಿನಲ್ಲಿದ್ದ ದೊಡ್ಡವರು ಬೆಚ್ಚಿಬಿದ್ದರಂತೆ. ಆದ್ದರಿಂದ ವಿಚಾರಣೆ. ನೇತಾಡುತ್ತಿದ್ದವರು ಬೆಚ್ಚಿಬಿದ್ದದ್ದಕ್ಕೆ ಯಾವ ವಿಚಾರಣೆಯೂ ಇಲ್ಲ.

“ನೋಡಿ ಮುನಿಕೃಷ್ಣ,” ದೊಡ್ಡ ಅಧಿಕಾರಿ ನಗು ನುಂಗಿಕೊಂಡು ಹೇಳಿದರು, “ಕಂಟ್ರೋಲ್ ಮೂರು ಸಲ ‘ತಡೆಯಿರಿ’ ಅಂದಿದೆ. ಟೇಪ್ ಇದೆ. ಒಂದಕ್ಕೂ ನೀವು ಉತ್ತರ ಕೊಟ್ಟಿಲ್ಲ.”

“ಕೇಳಿಸ್ಲಿಲ್ಲ ಸಾರ್. ಅದರ ಮೇಲೆ ಆ ಹೆಂಗಸಿನ ಮಾತು ಬಂತು.”

“ಟೇಪಲ್ಲಿ ಹೆಂಗಸಿನ ಮಾತಿಲ್ಲ.”

“ನಿಮ್ಮ ಕಟ್ಟಡ ದೂರ ಇದೆ ಸಾರ್. ನಾನು ಅಷ್ಟು ಎತ್ತರದಲ್ಲಿದ್ದೆ. ನನಗೆ ಕೇಳಿಸುತ್ತೆ, ನಿಮಗೆ ಕೇಳಿಸಲ್ಲ.”

“ಸರಿ, ಕಂಟ್ರೋಲ್ ಹೇಳಿದ್ದು ಕೇಳಿಸ್ಲಿಲ್ಲ ಅಂತೀರಿ. ಹಾಗಾದ್ರೆ ಮೂರನೇ ಜಿಗಿತ ಯಾಕೆ ತಡೆದ್ರಿ? ಕೇಳಿಸದೇ ಇದ್ದೋನು ತಡೆಯೋದು ಹೇಗೆ? ನಿಮಗೆ ಚೆನ್ನಾಗಿ ಕೇಳಿಸಿದೆ. ಮೊದಲ ಇಬ್ಬರನ್ನ ಅಜಾಗರೂಕತೆಯಿಂದ ಬಿಟ್ರಿ, ಆಮೇಲೆ ಹೆದರಿಕೊಂಡು ತಡೆದ್ರಿ, ಈಗ ಅಜ್ಜಿಕತೆ ಹೇಳ್ತಿದೀರಿ.”

ಎಲ್ಲಿ ಸಿಕ್ಕಿಹಾಕಿಸಿದರು ನೋಡಿ. ನಾನು ಮಾಡಿದ ಒಂದೇ ಒಂದು ಸರಿಯಾದ ಕೆಲಸವೇ ನಾನು ಸುಳ್ಳುಗಾರ ಎನ್ನುವುದಕ್ಕೆ ಸಾಕ್ಷಿಯಾಯಿತು. ಆ ಹುಡುಗಿಯನ್ನೂ ಕೆಳಗೆ ತಳ್ಳಿದ್ದರೆ ನನ್ನ ಮಾತು ನಂಬುತ್ತಿದ್ದರೋ ಏನೋ! ಹನುಮೇಶ ಎದ್ದು, “ಅವ್ರು ಒದರಿ ನಿಂದ್ರಿಸಿದ್ದು ಖರೇ ಅದರೀ ಸಾಹೇಬ್ರ” ಎಂದ. ನಿನ್ನ ತಲೆಗೆ ಹೆಡ್‌ಸೆಟ್ ಇತ್ತೇ ಎಂದು ಕೇಳಿದರು. ಇರಲಿಲ್ಲ. ಹಾಗಾದರೆ ಕೂತ್ಕೋ ಎಂದರು.

“ಹೆಲಿಕಾಪ್ಟರು ಆ ದಾರೀಲಿ ಬರುತ್ತೆ ಅಂತ ನಮಗೆ ಮೊದಲೇ ಯಾಕೆ ಹೇಳಿರಲಿಲ್ಲ ಸಾರ್?” ಎಂದು ನಾನು ಕೇಳಿದೆ.

“ಅದು ಈ ವಿಚಾರಣೆಯ ವ್ಯಾಪ್ತಿಗೆ ಬರೋದಿಲ್ಲ.” ಆಮೇಲೆ ಅಕ್ಕಪಕ್ಕದವರ ಮುಖ ನೋಡಿ ಕಣ್ಣು ಮಿಟುಕಿಸಿದರು. “ಮುಂದಿನ ಸಲ ಬರುವಾಗ ನಿಮ್ಮ ಸಾಕ್ಷೀನ ಕರ್ಕೊಂಡು ಬನ್ನಿ. ಆ ಅಜ್ಜೀನ.”

ಹೊರಗೆ ಕಾರಿನ ಬಳಿ ಶೋಭಾರಾಣಿ ಮೇಡಂ ನನ್ನನ್ನು ತಡೆದರು. ಅವರಿಗೆ ಕ್ಲಬ್ಬು ಮುಚ್ಚದಿದ್ದರೆ ಸಾಕಿತ್ತು. “ಯಾಕೆ ಹಟ ಮಾಡ್ತೀರಾ? ವಾಲ್ಯೂಮ್ ಕಮ್ಮಿ ಇಟ್ಟಿದ್ದೆ ಅಂತ ಬರ್ಕೊಟ್ಬಿಡಿ. ಏನೋ ಒಂದಿಷ್ಟು ದಿನ ಸಸ್ಪೆಂಡ್ ಮಾಡ್ತಾರೆ. ಇಲ್ದಿದ್ರೆ ಸುಳ್ಳು ಹೇಳ್ದ ಅಂತ ಲೈಸೆನ್ಸೇ ಹೋಗುತ್ತೆ.”

“ವಾಲ್ಯೂಮ್ ಕಮ್ಮಿ ಇರಲಿಲ್ಲ ಮೇಡಂ.”

“ಅದು ನನಗೂ ಗೊತ್ತು ಕಣ್ರೀ.”

ಗೊತ್ತಂತೆ! ಗೊತ್ತಿದ್ದೂ ಒಳಗೆ ಬಾಯಿ ಬಿಡಲಿಲ್ಲ. ನನಗೆ ಹತ್ತಿದ ಉರಿ ಬೊಮ್ಮನಹಳ್ಳಿ ಸಿಗ್ನಲ್ಲಿನವರೆಗೂ ಇಳಿಯಲಿಲ್ಲ. ಅಲ್ಲಿ ಬಸ್ಸಿನಲ್ಲಿ ನಿಂತಿದ್ದಾಗ ಒಂದು ವಿಷಯ ಹೊಳೆಯಿತು. ಆ ಹೆಂಗಸು ‘ಬಂತು’ ಎನ್ನಲಿಲ್ಲ, ‘ಇನ್ನೊಂದು ಬಂತು’ ಎಂದಳು. ಹಾಗಾದರೆ ಮೊದಲನೆಯದು ಯಾವುದು? ನಾನೇ. ಅವಳು ನನ್ನ ವಿಮಾನವನ್ನು ನೋಡುತ್ತಾ ನಿಂತಿದ್ದಳು. ನಾನು ಜನರನ್ನು ಬಿಡುವ ಜಾಗದ ಕೆಳಗೇ ಎಲ್ಲೋ ಇದ್ದಾಳೆ.

ಮರುದಿನವೇ ಹನುಮೇಶನ ಬೈಕಿನಲ್ಲಿ ಹೊರಟೆವು. ಅತ್ತಿಬೆಲೆಯ ಕಾರ್ಖಾನೆಗಳಿಗೆ ಅಂಟಿಕೊಂಡ ಒಂದು ಊರು. ಸಾಲು ಸಾಲು ಬಾಡಿಗೆ ಕೋಣೆಗಳು, ಹಗ್ಗದ ಮೇಲೆ ಯೂನಿಫಾರ್ಮುಗಳು, ಕೋಣೆಗಳ ಹಿಂದೆ ಇನ್ನೂ ಯಾರಿಗೂ ಮಾರದ ಒಂದಿಷ್ಟು ಹೊಲ. ಸಾಲಿನ ಕೊನೆಯ ಮನೆಯ ನೀರಿನ ಟ್ಯಾಂಕಿನ ಮೇಲೆ ಎರಡಾಳೆತ್ತರದ ಕಬ್ಬಿಣದ ಪೈಪು, ಅದರ ತುದಿಗೆ ಆಂಟೆನಾ. ಟಿವಿಯ ಆಂಟೆನಾ ಹಾಗಿರುವುದಿಲ್ಲ.

“ಇದ ಐತಿ ನೋಡ್ರೀ ಸರ,” ಎಂದ ಹನುಮೇಶ.

ಅಂಗಳದಲ್ಲಿ ಒಬ್ಬ ಮುದುಕಿ ಹುಣಸೇಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ನಾನು ಗೇಟು ದೂಡಿದವನೇ ದನಿಯೇರಿಸಿದೆ. “ಯಾರಮ್ಮಾ ಟ್ಯಾಂಕ್ ಮೇಲೆ ಆ ಕಂಬ ನಿಲ್ಲಿಸಿದ್ದು?”

“ನೀನ್ಯಾರಪ್ಪಾ ಕೇಳಾಕೆ? ಕೆಇಬಿಯವ್ನಾ?”

“ವಿಮಾನದವನು.”

ಮುದುಕಿ ಕುಟ್ಟುವ ಕಲ್ಲು ಕೆಳಗಿಟ್ಟು ಎದ್ದು ನಿಂತಳು. “ವಿಮಾನದವ್ನಾ? ಬಾ, ಬಾ. ಎಲ್ಲಿ ಸಿಕ್ತೀಯ ಅಂತ ಕಾಯ್ತಿದ್ದೆ. ಸನಿವಾರ ಬಂತು ಅಂದ್ರೆ ನೆತ್ತಿ ಮೇಲೆ ಗುಂಯ್ ಅಂತೀಯಲ್ಲ, ನಮ್ಮನ್ನೇನಾರ ಕೇಳಿದ್ಯಾ? ಕೋಳಿ ಮೊಟ್ಟೆ ಇಕ್ಕಲ್ಲ. ಓದ್ವರ್ಸ ನಿಮ್ಮೋಳೊಬ್ಳು ಸೀದಾ ಬಂದು ನನ್ನ ಬದ್ನೇಕಾಯಿ ಸಾಲಲ್ಲಿ ಬಿದ್ಲು. ಗಿಡ ಎಲ್ಲ ಮುರುದು, ಸಾರಿ ಆಂಟಿ ಅಂದು, ನನ್ ಜೊತೆ ಪೋಟೋ ಇಡ್ಕೊಂಡು ಓದ್ಲು. ಮುರುದಿದ್ ಗಿಡ ಸಾರಿ ಅಂದ್ರೆ ಕಾಯಿ ಬಿಡ್ತದಾ? ನನ್ನ ಕಂಬ ಕೇಳಾಕೆ ಬಂದವ್ನೆ!”

ಅದೇ ದನಿ. ಆಕಾಶದಲ್ಲಿ ಕೇಳಿದ ದನಿ ಎದುರಿಗೆ ನಿಂತು ನನ್ನನ್ನೇ ಬೈಯುತ್ತಿತ್ತು. ಎದುರುತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಮನೆಯೊಳಗಿನಿಂದ ಒಂದು ಕೆಮ್ಮು ಕೇಳಿಸಿತು. ಆ ಕೆಮ್ಮೂ ನನಗೆ ಗೊತ್ತಿತ್ತು.

ಮುದುಕಿಯ ಹೆಸರು ಮರಿಯಮ್ಮ. ಒಳಗೆ ಮಂಚದ ಮೇಲಿದ್ದವರು ಅವಳ ಗಂಡ ಬೈರಪ್ಪ. ಲಕ್ವ ಹೊಡೆದು ಮಾತು ಹೋಗಿತ್ತು, ಬಲಗಡೆ ಪೂರಾ ಬಿದ್ದುಹೋಗಿತ್ತು. ತಲೆಯ ಬಳಿ ಸ್ಟೂಲಿನ ಮೇಲೆ ಒಂದು ಕಾರ್ಡ್‌ಲೆಸ್ ಫೋನಿನ ದಪ್ಪ ಪೆಟ್ಟಿಗೆ, ಅದರಿಂದ ಟ್ಯಾಂಕಿನ ಕಂಬಕ್ಕೆ ವೈರು. ಹೊಲದಲ್ಲಿ ಎಷ್ಟು ದೂರ ಹೋದರೂ ಮಾತು ಬರುತ್ತದೆಂದು ಅವಳ ತಮ್ಮನ ಮಗ ಕಳ್ಳಮಾಲಿನ ಅಂಗಡಿಯಿಂದ ತಂದು ಜೋಡಿಸಿಕೊಟ್ಟಿದ್ದ. ಮೊಬೈಲಿನ ಗುಂಡಿ ಒತ್ತಲು ಬೈರಪ್ಪನವರ ಎಡಗೈಗೂ ಬಲವಿಲ್ಲ. ಇದಾದರೆ ಮರಿಯಮ್ಮ ಹೊಲದಲ್ಲಿ ಹ್ಯಾಂಡ್‌ಸೆಟ್ಟು ಒತ್ತಿದರೆ ಪೆಟ್ಟಿಗೆ ತಾನೇ ತೆರೆದುಕೊಂಡು ಅವಳ ಮಾತನ್ನು ಜೋರಾಗಿ ಕೇಳಿಸುತ್ತದೆ, ಅವರ ಕೆಮ್ಮನ್ನು ಅವಳಿಗೆ ಮುಟ್ಟಿಸುತ್ತದೆ. ಜೊತೆಗೆ ಇಬ್ಬರ ಮಾತನ್ನೂ ನನ್ನ ರೇಡಿಯೋಕ್ಕೆ ತುರುಕುತ್ತದೆ. ಅದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

“ನಿಮ್ಮ ವಿಮಾನ ಸುರುವಾದಾಗ ಇವ್ರು ಟ್ಯಾಂಕ್ ಅತ್ತಿ ಕುಂತ್ಕೊಳೋರು,” ಎಂದಳು ಮರಿಯಮ್ಮ. ಅವಳ ದನಿ ಸ್ವಲ್ಪ ಇಳಿದಿತ್ತು. “ಉಣ್ಣಾಕೆ ಕರುದ್ರೂ ಇಳೀತಿರ್ಲಿಲ್ಲ. ಈಗ ಸದ್ದು ಕೇಳುಸ್ತದೆ, ಎದ್ದು ನೋಡಾಕ್ ಆಗಲ್ಲ. ಕಣ್ಣಲ್ಲಿ ನೀರು ಬರೋದು. ಅದ್ಕೇ ನಾನು ಒಲದಲ್ಲಿ ನಿಂತ್ಕೊಂಡು ಒಂದೊಂದೂ ಏಳ್ತೀನಿ. ಈಗ ಬಂತು, ಈಗ ತಿರುಗ್ತು, ಅಳದಿ ಛತ್ರಿ ಬಿಚ್ಕೊಂತು, ಅಂತ.”

“ದಿನಾ ಇದರಲ್ಲೇ ಮಾತಾಡ್ತೀರಾ?”

“ದಿನಾ ಏನ್ ಮಾತಾಡಾನ? ಒಂದೇ ಮನೇಲಿರ್ತೀವಿ. ನೀವು ಬಂದಾಗ್ಲೇ ಮಾತು.”

ನೀವು ಹಾರಿದಾಗ ಮಾತ್ರ ಯಾಕೆ ಕೇಳಿಸುತ್ತೆ ಎಂದು ಫೋನಿನಲ್ಲಿ ಕೇಳಿದ್ದರಲ್ಲ, ಉತ್ತರ ಇಲ್ಲಿ ಮಂಚದ ಮೇಲೆ ಮಲಗಿತ್ತು. ಬೈಯಲೆಂದೇ ಬಂದಿದ್ದೆ, ಆಗಲಿಲ್ಲ. ಸಿಟ್ಟು ಮಾತ್ರ ಹೋಗಲಿಲ್ಲ. ಆ ಕೋಣೆಯಲ್ಲಿ ನಕ್ಕವರ ಮೇಲೆ ಅದು ದುಪ್ಪಟ್ಟಾಯಿತು.

ನಡೆದದ್ದನ್ನೆಲ್ಲ ಹೇಳಿದೆ. ಅವಳ ಮಾತಿನಿಂದ ಹನುಮೇಶನೂ ಆ ಹುಡುಗಿಯೂ ಉಳಿದದ್ದನ್ನು ಹೇಳಿದೆ. ಅವಳ ಮಾತಿನಿಂದಲೇ ಕಂಟ್ರೋಲಿನ ಮಾತು ಮುಚ್ಚಿಹೋದದ್ದನ್ನೂ ಹೇಳಿದೆ. “ನೀವು ಬಂದು ಹೇಳಿದ್ರೆ ನನ್ನ ಲೈಸೆನ್ಸ್ ಉಳಿಯುತ್ತೆ ಅಮ್ಮಾ. ಸುಳ್ಳು ಯಾಕೆ ಹೇಳ್ಲಿ, ಈ ಫೋನ್ ಇಟ್ಕೊಳ್ಳೋ ಹಾಗಿಲ್ಲ. ಬಂದ್ರೆ ಇದನ್ನ ಕಿತ್ಕೊಂಡ್ ಹೋಗ್ತಾರೆ.”

ಮರಿಯಮ್ಮ ಸೆರಗಿನಿಂದ ಆ ಪೆಟ್ಟಿಗೆಯ ಮೇಲಿನ ಧೂಳು ಒರೆಸಿದಳು. ಆಮೇಲೆ ಗಂಡನ ಕಡೆ ಬಾಗಿದಳು. “ಏನೂಂದ್ರೆ, ಕೇಳುಸ್ತಾ? ಓಗಿ ಏಳ್ಲಾ? ಓಗು ಅಂದ್ರೆ ಒಂದು ಕೆಮ್ಮಿ. ಬ್ಯಾಡ ಅಂದ್ರೆ ಎಲ್ಡು.”

ಬೈರಪ್ಪ ನನ್ನನ್ನು ನೋಡಿದರು. ಸ್ಟೂಲನ್ನು ನೋಡಿದರು. ಒಂದು ಸಲ ಕೆಮ್ಮಿದರು. ಇನ್ನೊಂದು ಬರುತ್ತದೇನೋ ಎಂದು ನಾವು ಮೂವರೂ ಕಾದೆವು. ಬರಲಿಲ್ಲ.

ವಿಚಾರಣೆಯ ದಿನ ಮರಿಯಮ್ಮ ಜರಿಯಂಚಿನ ಸೀರೆ ಉಟ್ಟು, ಹ್ಯಾಂ‌ಡ್‌ಸೆಟ್ಟನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಬಂದಳು. ಬಾಗಿಲಲ್ಲಿ ಸೆಕ್ಯುರಿಟಿಯವನು ತಡೆದಾಗ, “ಕರ್ಕೊಂಡ್ ಬಾ ಅಂದೋರು ಒಳಗವ್ರೆ, ಅವ್ರನ್ನ ಕೇಳೋಗು” ಎಂದು ಅವನನ್ನು ಸರಿಸಿಕೊಂಡು ಒಳಗೆ ನಡೆದಳು.

“ಯಾರಿದು?” ದೊಡ್ಡ ಅಧಿಕಾರಿ ಕೇಳಿದರು.

“ನನ್ನ ಸಾಕ್ಷಿ ಸಾರ್. ಅಜ್ಜಿ.”

ಈ ಸಲ ಯಾರೂ ನಗಲಿಲ್ಲ. ಅವತ್ತು ಏನು ಹೇಳಿದೆ ಎಂದು ಕೇಳಿದರು. ಅವಳು ಮೇಜಿನ ಮುಂದೆ ನಿಂತು, ಎದುರಿಗೇ ಹೆಲಿಕಾಪ್ಟರು ಬರುತ್ತಿದೆಯೇನೋ ಎಂಬಂತೆ ಕೈ ಎತ್ತಿ ತೋರಿಸುತ್ತಾ ಹೇಳಿದಳು. ಇನ್ನೊಂದು ಬಂತು, ತಲೆ ಮೇಲೆ ಫ್ಯಾನ್ ಇರೋದು, ಕೆಳಗಡೆಯಿಂದ ಬತ್ತಾ ಅದೆ. ನಾನು ಬರೆದುಕೊಟ್ಟಿದ್ದ ಹೇಳಿಕೆ ಅವರ ಕೈಯಲ್ಲೇ ಇತ್ತು. ನಾನು ಕಲಿಸಿ ಕರೆತಂದಿದ್ದೇನೆ ಎನ್ನಬಹುದಿತ್ತು. ಅದನ್ನೂ ಒಬ್ಬರು ಅಂದರು.

“ಯಾರಪ್ಪಾ ಕಲ್ಸಿದ್ದು?” ಮರಿಯಮ್ಮ ಚೀಲದಿಂದ ಹ್ಯಾಂಡ್‌ಸೆಟ್ಟು ತೆಗೆದು, ನನ್ನ ಲೈಸೆನ್ಸಿನ ಪಕ್ಕದಲ್ಲಿ ಕುಕ್ಕಿದಳು. “ತಕ್ಕಳಿ, ಇದ್ರಾಗೇ ಏಳಿದ್ದು. ಬೇಕಾದ್ರೆ ಇವತ್ತೂ ಒತ್ತಿ ನೋಡಿ. ನಾನು ಏಳಿದ್ದು ನಿಜ, ಇವ್ನು ಕೇಳಿದ್ದು ನಿಜ. ಇಷ್ಟು ದೊಡ್ಡ ಆಪೀಸು ಮಡಿಕ್ಕಂಡಿದೀರಲ್ಲ, ಬದ್ನೇಕಾಯಿ ಬಿಡಿಸ್ತಿದ್ದ ನಂಗೆ ಕಂಡ ಎಲಿಕ್ಯಾಪ್ಟರು ನಿಮ್ಗ್ಯಾಕೆ ಮುಂಚೇನೇ ಗೊತ್ತಾಗ್ಲಿಲ್ಲ?”

“ಅಮ್ಮಾ, ಅದು ಈ ವಿಚಾರಣೆಯ ವ್ಯಾಪ್ತಿಗೆ ಬರೋದಿಲ್ಲ.”

“ಮತ್ತೆ ಏನು ಬರ್ತದೆ?”

ಉತ್ತರ ಬರಲಿಲ್ಲ. ಬಂದದ್ದು ಜೀಪು. ನಾನು ತಿಂಗಳುಗಟ್ಟಲೆ ದೂರು ಬರೆದಾಗ ಒಬ್ಬರೂ ಆ ಊರಿನ ಕಡೆ ತಲೆ ಹಾಕಿರಲಿಲ್ಲ. ಮರಿಯಮ್ಮ ತಾನಾಗಿ ಹೋಗಿ ಹೇಳಿದ ಮಾರನೇ ದಿನವೇ ಬಂದು ಕಂಬ ಇಳಿಸಿದರು, ಪೆಟ್ಟಿಗೆ ಎತ್ತಿಕೊಂಡರು, ಕಾನೂನು ಮುರಿದಳೆಂದು ಮುದುಕಿಯ ಬೆರಳಿನ ಗುರುತು ಹಾಕಿಸಿಕೊಂಡರು. ಅದನ್ನು ಮಾರಿದ ಅಂಗಡಿಯಲ್ಲಿ ಅವತ್ತೂ ವ್ಯಾಪಾರ ನಡೆಯುತ್ತಿತ್ತು.

ತೀರ್ಪೂ ಬಂತು. ನಾನು ಸುಳ್ಳು ಹೇಳಿಲ್ಲ ಎಂದು ಒಪ್ಪಿಕೊಂಡಿದ್ದರು, ಲೈಸೆನ್ಸು ಉಳಿಯಿತು. ಆದರೂ ಒಂದು ತಿಂಗಳು ಸಸ್ಪೆಂಡು. ಕಾರಣವನ್ನು ಎರಡು ಸಲ ಓದಿದೆ. ‘ಸದರಿ ಪೈಲಟ್ ಅನಧಿಕೃತ ಮೂಲದ ಮಾಹಿತಿಯನ್ನು ಆಧರಿಸಿ ಜಿಗಿತವನ್ನು ತಡೆದಿರುವುದು ದೃಢಪಟ್ಟಿದೆ.’ ಹೆಲಿಕಾಪ್ಟರಿನ ಬಗ್ಗೆ ಒಂದಕ್ಷರವಿರಲಿಲ್ಲ. ಅದು ಯಾರಿಗೂ ತಿಳಿಸದೆ ಬಂದದ್ದಾಗಲಿ, ಕಂಟ್ರೋಲಿಗೇ ಕೊನೆಯ ಗಳಿಗೆಯಲ್ಲಿ ಕಂಡದ್ದಾಗಲಿ ಎಲ್ಲೂ ಇರಲಿಲ್ಲ. “ಒಂದು ತಿಂಗಳು ತಾನೇ, ರೆಸ್ಟ್ ತಗೊಳ್ಳಿ” ಎಂದರು ಶೋಭಾರಾಣಿ ಮೇಡಂ.

ಆ ಕಾಗದ ಹಿಡಿದುಕೊಂಡು ಹನುಮೇಶನೊಡನೆ ಮರಿಯಮ್ಮನ ಮನೆಗೆ ಹೋದೆ, ಓದಿ ಹೇಳಿದೆ.

“ತಡ್ದಿದ್ದು ತಪ್ಪಂತಾ?” ಎಂದಳು. “ಬಿಟ್ಟಿದ್ರೆ ಸರಿಯಾಗೋದಾ?”

“ಹಾಗೇ ಬರೆದಿದಾರೆ.”

“ಬರ್ಕಳ್ಳಿ ಬಿಡು. ಆ ಉಡ್ಗಿ ಚೆಂದಾಗವ್ಳಾ?”

ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ವಿಚಾರಣೆಯಲ್ಲೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಚೆನ್ನಾಗಿದ್ದಾಳೆ ಎಂದು ಹನುಮೇಶ ಹೇಳಿದ.

ಬೈರಪ್ಪನವರಿಗೆ ಈಗ ಯಾರು ಹೇಳುತ್ತಾರೆ ಎಂದು ಕೇಳಿದೆ. ಅದಕ್ಕೂ ಒಂದು ದಾರಿ ಮಾಡಿಕೊಂಡಿದ್ದಳು. ಬಾಡಿಗೆ ಕೋಣೆಯಲ್ಲಿ ಮಹಾದೇವಿ ಎಂಬ ಬಿಜಾಪುರದ ಕಡೆಯ ಹೆಂಗಸಿದ್ದಳು, ಗಾರ್ಮೆಂಟ್ ಕೆಲಸದವಳು. ನನ್ನ ಬದಲಿಗೆ ಬಂದ ಪೈಲಟ್ಟು ವಿಮಾನ ಹಾರಿಸುವ ಶನಿವಾರಗಳಲ್ಲಿ ಪಾಳಿ ಇಲ್ಲದಿದ್ದರೆ ಅವಳು ಅಂಗಳದಲ್ಲಿ ನಿಂತು, ಮರಿಯಮ್ಮ ಹೊಲದಿಂದ ಕೂಗಿದ್ದನ್ನು ಕಿಟಕಿಯೊಳಗೆ ಮುಖ ಹಾಕಿ ಮತ್ತೆ ಕೂಗುತ್ತಿದ್ದಳಂತೆ: “ಅಜ್ಜಾರ, ಇಮಾನ ಬಂತಂತ್ರೀ!” ಒಂದು ಮಾತು ಹೊಲದಿಂದ ಮಂಚಕ್ಕೆ ಹೋಗಲು ಎರಡು ಗಂಟಲು ಬೇಕಾಗಿತ್ತು.

ನಾನು ಹೊರಡುವಾಗ ಮರಿಯಮ್ಮ ಕೇಳಿದಳು, “ಮತ್ತೆ ಅಂಥದ್ದು ಬಂದ್ರೆ ಏನ್ ಮಾಡ್ತೀಯಪ್ಪಾ?”

“ಕಂಟ್ರೋಲಿನವರು ಹೇಳ್ತಾರೆ.”

“ಏಳ್ದೇ ಇದ್ರೆ?”

ಅವಳು ಅಂಗಳದಲ್ಲಿ ಹುಣಸೇಹಣ್ಣಿನ ಕೆಳಗೆ ಹಾಸಿದ್ದ ದೊಡ್ಡ ನೀಲಿ ಟಾರ್ಪಾಲಿನ ಕಡೆ ಕೈ ತೋರಿಸಿದಳು. “ಇದು ಮ್ಯಾಲಿಂದ ಕಾಣುಸ್ತದಾ?”

“ಕಾಣುತ್ತೆ.”

“ಆಮೇಲೆ ಕಾಣ್ಲಿಲ್ಲ ಅನ್ಬಾರ್ದು. ಒಲದಾಗೆ ಇದು ಬಿಚ್ಕೊಂಡದೆ ಅಂದ್ರೆ, ಏನೋ ಬತ್ತಾ ಅದೆ ಅಂತ ತಿಳ್ಕೊ.”

ತಿಂಗಳು ಕಳೆದು ಮತ್ತೆ ಹಾರಿದೆ. ಗರಗರವಿಲ್ಲ, ಕೆಮ್ಮಿಲ್ಲ. ಹೆಡ್‌ಸೆಟ್ಟಿನಲ್ಲಿ ಕಂಟ್ರೋಲಿನವರ ದನಿ ಪಕ್ಕದಲ್ಲಿ ಕೂತು ಮಾತಾಡಿದಂತಿತ್ತು. ದೀಪಾವಳಿಯ ಮೇಲೆ ಅಷ್ಟು ಸ್ವಚ್ಛವಾಗಿ ಕೇಳಿಸಿದ್ದು ಅದೇ ಮೊದಲು. “ಕೆಳಗೆ ಏನೂ ಇಲ್ಲ. ಬಿಡಬಹುದು,” ಎಂದರು. ಇಂಗ್ಲಿಷಿನಲ್ಲಿ, ಅಚ್ಚುಕಟ್ಟಾಗಿ. ಹನುಮೇಶ ಬಾಗಿಲ ಅಂಚಿನಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದ. ಅವನ ಎದೆಗೆ ಬಿಗಿದುಕೊಂಡಿದ್ದ ಯಾವುದೋ ಕಂಪನಿಯ ಹುಡುಗ ಕಣ್ಣು ಮುಚ್ಚಿ ಏನನ್ನೋ ಗೊಣಗುತ್ತಿದ್ದ.

ಕೈ ಎತ್ತುವ ಮುಂಚೆ ಎಡ ರೆಕ್ಕೆ ಬಾಗಿಸಿದೆ. ನಿಯಮದಲ್ಲಿ ಹಾಗೆ ಮಾಡಬೇಕೆಂದಿಲ್ಲ. ಟ್ಯಾಂಕು ಕಾಣಿಸಿತು, ಅದರ ಹಿಂದೆ ಉತ್ತ ಕೆಂಪು ಹೊಲ. ಹೊಲದ ನಡುವೆ ನೀಲಿ ಚೌಕ. ಹಿಂದಿನ ಸುತ್ತಿನಲ್ಲಿ ಅದು ಇರಲಿಲ್ಲ.

ಅಂಗೈ ತೋರಿಸಿದೆ. “ಯಾಕ್ರೀ ಸರ?” ಎಂದು ಹನುಮೇಶ ಕೂಗಿದ. ನಾನು ಕೆಳಗೆ ಬೆರಳು ಮಾಡಿದೆ. ಅವನು ಬಾಗಿ ನೋಡಿ, ಹುಡುಗನನ್ನು ಎಳೆದುಕೊಂಡು ಒಳಗೆ ಬಂದ.

“ಬಿಟ್ಟಿರಾ?” ಎಂದಿತು ಕಂಟ್ರೋಲು.

“ಇಲ್ಲ. ತಡೆದಿದ್ದೇನೆ.”

“ಕಾರಣ?”

ಕಾರಣ ಅಷ್ಟರಲ್ಲಿ ಕಾರ್ಖಾನೆಗಳ ಹಿಂದಿನಿಂದ ಮೇಲೆದ್ದು ಬಂತು. ತಲೆ ಮೇಲೆ ಫ್ಯಾನ್ ಇರೋದು. ನಮ್ಮ ಕೆಳಗಿನಿಂದ, ಯಾರ ಅಪ್ಪಣೆಯ ಹಂಗೂ ಇಲ್ಲದೆ, ಹೊಸೂರಿನ ಕಡೆಗೆ ಸಾಗಿತು. ಕಂಟ್ರೋಲಿನವರಿಗೆ ಅದು ಇನ್ನೂ ಕಂಡಿರಲಿಲ್ಲ. ಅಥವಾ ಕಂಡರೂ ವ್ಯಾಪ್ತಿಗೆ ಬಂದಿರಲಿಲ್ಲ.

“ಕಾರಣ ತಿಳಿಸಿ,” ಎಂದರು ಮತ್ತೆ, ಈ ಸಲ ಗದರಿ.

ನಾನು ಗುಂಡಿ ಒತ್ತಿದೆ. ಟೇಪು ತಿರುಗುತ್ತಿರುತ್ತದೆ ಎಂದು ನನಗೆ ಗೊತ್ತಿತ್ತು. “ಅನಧಿಕೃತ ಮೂಲದಿಂದ ಮಾಹಿತಿ ಬಂದಿದೆ,” ಎಂದು ಅವರದೇ ಇಂಗ್ಲಿಷಿನಲ್ಲಿ, ಒಂದೊಂದೇ ಪದ ಬಿಡಿಸಿ ಹೇಳಿದೆ. ಗುಂಡಿಯಿಂದ ಬೆರಳು ತೆಗೆಯಲು ಮನಸ್ಸಾಗಲಿಲ್ಲ. ಕನ್ನಡದಲ್ಲಿ ಕೇಳಿದೆ, “ಕೇಳುಸ್ತಾ? ಕೇಳುಸಿದ್ರೆ ಕೆಮ್ಮಿ.”

ಯಾರೂ ಕೆಮ್ಮಲಿಲ್ಲ.